ಸೀಟಿಗೆ ಅಂಕವೊಂದೇ ಸಾಕೇ?

ದ್ವಿತೀಯ ಪಿಯುಸಿ ಫಲಿತಾಂಶದ ಮರುದಿನ ಕರಾವಳಿಯ ಪತ್ರಿಕೆಗಳ ಮುಖಪುಟದಲ್ಲಿ ಏನಿರುತ್ತದೆ ಎಂದು ಊಹಿಸಲು ಜ್ಯೋತಿಷಿಯೇ ಬೇಕಾಗಿಲ್ಲ. ಜಿಲ್ಲಾವಾರು ಪಟ್ಟಿಯ ತುದಿಯಲ್ಲಿ ಉಡುಪಿ ಮತ್ತು ದಕ್ಷಿಣ ಕನ್ನಡ ತಮ್ಮೊಳಗೇ ಸ್ಥಾನ ಅದಲು ಬದಲು ಮಾಡಿಕೊಳ್ಳುವುದು ರೂಢಿ. 2024ರಲ್ಲಿ ಶೇ. 97.37 ಪಡೆದ ದಕ್ಷಿಣ ಕನ್ನಡ ಮೊದಲು, ಶೇ. 96.80 ಪಡೆದ ಉಡುಪಿ ಎರಡನೆಯದು. 2025ರಲ್ಲಿ ಶೇ. 93.90ರೊಂದಿಗೆ ಉಡುಪಿ ಮೇಲೇರಿತು, ಶೇ. 93.57 ಪಡೆದ ನೆರೆಯ ಜಿಲ್ಲೆ ಕೂದಲೆಳೆಯಷ್ಟು ಹಿಂದೆ ಉಳಿಯಿತು. 'ಬುದ್ಧಿವಂತರ ಜಿಲ್ಲೆ' ಎಂಬ ಹಳೆಯ ಹೆಗ್ಗಳಿಕೆಗೆ ಪ್ರತಿವರ್ಷ ಹೀಗೊಂದು ಮುದ್ರೆ ಬೀಳುತ್ತದೆ.

ಆದರೆ ಈ ಸಂಭ್ರಮದ ಆಯುಷ್ಯ ಬಹಳವಿಲ್ಲ. ಮರುದಿನವೇ ಮನೆಮನೆಗಳಲ್ಲಿ ಬೇರೆಯೇ ಲೆಕ್ಕಾಚಾರ ಶುರುವಾಗುತ್ತದೆ. ಎಂಜಿನಿಯರಿಂಗಿಗೆ ಸಿಇಟಿ ರ‍್ಯಾಂಕ್ ಎಷ್ಟು? ಅದು ಕೈಕೊಟ್ಟರೆ ಕಾಮೆಡ್-ಕೆ ಇದೆಯೇ? ವೈದ್ಯಕೀಯಕ್ಕೆ ನೀಟ್ ಅಂಕ ಸಾಕಾದೀತೇ? ಸುರತ್ಕಲ್ಲಿಗೆ ಜೆಇಇ, ಮಣಿಪಾಲದ ಎಂಜಿನಿಯರಿಂಗಿಗೆ ಅದರದೇ ಪರೀಕ್ಷೆ. ಓದಿದ ವಿಷಯ ಅದೇ, ಓದಿದ ಮಗುವೂ ಅದೇ. ಅಳೆಯುವ ಕೋಲುಗಳು ಮಾತ್ರ ಐದಾರು.

ಇಷ್ಟೊಂದು ಅಳತೆಗೋಲುಗಳು ಒಂದೇ ದಿನ ಹುಟ್ಟಿಕೊಂಡವಲ್ಲ. ಹಿಂದಿನ ಪದ್ಧತಿಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬಂದಾಗಲೆಲ್ಲ ಅದನ್ನು ಸರಿಪಡಿಸಲು ಹೊಸತೊಂದು ಬಂತು. ಆ ಹೊಸತರ ಮೇಲೆ ಮತ್ತೆ ದೂರು ಬಂತು. ಸುಮಾರು 75 ವರ್ಷಗಳ ಈ ಕಥೆಯಲ್ಲಿ ಉಡುಪಿ, ಮಣಿಪಾಲ, ಕಾರ್ಕಳದ ಸೀಮೆ ಬರಿಯ ಪ್ರೇಕ್ಷಕನಾಗಿ ಉಳಿದಿಲ್ಲ. ವೃತ್ತಿ ಶಿಕ್ಷಣದ ಪ್ರವೇಶದ ಬಗ್ಗೆ ಸುಪ್ರೀಂ ಕೋರ್ಟ್ ನೀಡಿದ ತೀರ್ಪುಗಳ ಪೈಕಿ ಅತಿ ಹೆಚ್ಚು ಚರ್ಚೆಗೊಳಗಾದ ಒಂದಕ್ಕೆ ಮಣಿಪಾಲದ ಸ್ಥಾಪಕರ ಹೆಸರಿದೆ. ಇನ್ನೊಂದನ್ನು ಬರೆದವರು ಕಾರ್ಕಳ ತಾಲ್ಲೂಕಿನಲ್ಲಿ ಹುಟ್ಟಿದ ನ್ಯಾಯಮೂರ್ತಿ.

ಮದ್ರಾಸಿನ 330 ಸೀಟುಗಳು

ಸ್ವಾತಂತ್ರ್ಯ ಬಂದಾಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಉಡುಪಿ, ಕಾರ್ಕಳ ಅದರ ತಾಲ್ಲೂಕುಗಳು. ಕಾಪು ಉಡುಪಿ ತಾಲ್ಲೂಕಿನ ಒಂದು ಊರು. ಕಾಸರಗೋಡೂ ಅದೇ ಜಿಲ್ಲೆಯ ಭಾಗ. ಇಲ್ಲಿನ ಹುಡುಗನೋ ಹುಡುಗಿಯೋ ಡಾಕ್ಟರಾಗಬೇಕೆಂದರೆ ಮದ್ರಾಸಿನ ಕಡೆಗೆ ನೋಡಬೇಕಿತ್ತು. ಆಂಧ್ರವೂ ಸೇರಿದ್ದ ಆ ವಿಶಾಲ ರಾಜ್ಯದಲ್ಲಿ 1950ರ ಹೊತ್ತಿಗೆ ಇದ್ದುದು ನಾಲ್ಕು ಸರಕಾರಿ ವೈದ್ಯಕೀಯ ಕಾಲೇಜುಗಳು, ಒಟ್ಟು 330 ಸೀಟುಗಳು. ನಾಲ್ಕು ಎಂಜಿನಿಯರಿಂಗ್ ಕಾಲೇಜುಗಳಲ್ಲಿ 395 ಸೀಟುಗಳು. ಪಶ್ಚಿಮ ಕರಾವಳಿಯಲ್ಲಿ ಒಂದು ವೈದ್ಯಕೀಯ ಕಾಲೇಜೂ ಇರಲಿಲ್ಲ.

ಈ ಸೀಟುಗಳ ಹಂಚಿಕೆ ಅಂಕದ ಮೇಲೆಯೇ ನಡೆಯುತ್ತಿತ್ತಾದರೂ ಎಲ್ಲರೂ ಒಂದೇ ಸರದಿಯಲ್ಲಿ ನಿಲ್ಲುತ್ತಿರಲಿಲ್ಲ. ಹೊರರಾಜ್ಯದವರಿಗೆ 17 ಮತ್ತು ಸರಕಾರದ ವಿವೇಚನೆಗೆ 12 ಸೀಟು ತೆಗೆದಿರಿಸಿ, ಉಳಿದವನ್ನು ಜಿಲ್ಲೆಗಳ ನಾಲ್ಕು ಗುಂಪುಗಳಿಗೆ ಹಂಚಲಾಗುತ್ತಿತ್ತು. ಪ್ರತಿ ಗುಂಪಿನೊಳಗೆ 'ಕಮ್ಯುನಲ್ ಜಿ.ಒ.' ಎಂದು ಪ್ರಸಿದ್ಧವಾದ ಆದೇಶದಂತೆ ಪ್ರತಿ 14 ಸೀಟುಗಳಲ್ಲಿ 6 ಬ್ರಾಹ್ಮಣೇತರ ಹಿಂದೂಗಳಿಗೆ, 2 ಹಿಂದುಳಿದ ಹಿಂದೂಗಳಿಗೆ, 2 ಬ್ರಾಹ್ಮಣರಿಗೆ, 2 ಹರಿಜನರಿಗೆ, 1 ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ, 1 ಮುಸ್ಲಿಮರಿಗೆ ಎಂದು ನಿಗದಿಯಾಗಿತ್ತು. ಅಂಕ ಲೆಕ್ಕಕ್ಕೆ ಬರುತ್ತಿದ್ದುದು ಆಯಾ ವಿಭಾಗದ ಒಳಗೆ ಮಾತ್ರ.

ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1951ರ ಏಪ್ರಿಲ್ 9ರಂದು ಈ ಆದೇಶವನ್ನು ರದ್ದುಪಡಿಸಿತು. ಜಾತಿ, ಮತದ ಕಾರಣಕ್ಕಾಗಿಯೇ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂಬುದು ತೀರ್ಪಿನ ಸಾರ. ಸಂವಿಧಾನ ಜಾರಿಗೆ ಬಂದು ಆಗ ಹದಿನೈದು ತಿಂಗಳೂ ತುಂಬಿರಲಿಲ್ಲ. ಕೆಲವೇ ವಾರಗಳಲ್ಲಿ ಸಂಸತ್ತು ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಹಿಂದುಳಿದ ವರ್ಗಗಳಿಗೆ ವಿಶೇಷ ಅವಕಾಶ ಕಲ್ಪಿಸುವ ಅಧಿಕಾರವನ್ನು ಸರಕಾರಗಳಿಗೆ ಕೊಟ್ಟಿತು. ಅಂಕ ಮತ್ತು ಸಾಮಾಜಿಕ ನ್ಯಾಯ ಇವೆರಡನ್ನೂ ಒಂದೇ ಗಾಡಿಗೆ ಕಟ್ಟುವ ಪ್ರಯತ್ನ ಶುರುವಾದದ್ದು ಅಲ್ಲಿಂದ.

ಮಣಿಪಾಲದ ಉತ್ತರ

ಇರುವ ಸೀಟುಗಳನ್ನು ಹೇಗೆ ಹಂಚಬೇಕು ಎಂಬ ವಾದ ಮದ್ರಾಸಿನಲ್ಲಿ ನಡೆಯುತ್ತಿದ್ದಾಗ, ಸೀಟುಗಳನ್ನೇ ಹೆಚ್ಚಿಸಿದರೆ ಹೇಗೆ ಎಂಬ ಯೋಚನೆ ಉಡುಪಿಯಿಂದ ಐದಾರು ಕಿಲೋಮೀಟರ್ ದೂರದ ಬೋಳು ಗುಡ್ಡದ ಮೇಲೆ ಮೊಳೆಯಿತು. ಡಾ. ಟಿ.ಎಂ.ಎ. ಪೈ (1898–1979) ಸ್ವತಃ ಮದ್ರಾಸಿನಲ್ಲಿ ವೈದ್ಯಕೀಯ ಓದಿ ಬಂದವರು. 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. 1928ರಲ್ಲಿ ಆ ಬ್ಯಾಂಕು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುವ ಪಿಗ್ಮಿ ಯೋಜನೆ ತಂದಿತು. ಸರಕಾರದ ದಾರಿ ಕಾಯದೆ ಜನರ ಹಣದಿಂದಲೇ ಕೆಲಸ ಸಾಧಿಸುವ ಆ ರೀತಿಯನ್ನು ಪೈಯವರು ಶಿಕ್ಷಣಕ್ಕೂ ಅನ್ವಯಿಸಿದರು.

1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪನೆಯಾಯಿತು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1960ರಲ್ಲಿ ಕಾರ್ಕಳದಲ್ಲಿ ಶ್ರೀ ಭುವನೇಂದ್ರ ಕಾಲೇಜು ಬಂದವು. ಖಾಸಗಿ ವಲಯದಲ್ಲಿ ದೇಶದ ಮೊದಲ ವೈದ್ಯಕೀಯ ಕಾಲೇಜುಗಳಲ್ಲಿ ಕಸ್ತೂರ್ಬಾ ಕಾಲೇಜಿಗೆ ಸ್ಥಾನವಿದೆ. ಅದಕ್ಕೆ ಆರಂಭದಲ್ಲಿ ತನ್ನದೇ ದೊಡ್ಡ ಆಸ್ಪತ್ರೆ ಇರಲಿಲ್ಲ. ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳು ರೋಗಿಗಳ ಚಿಕಿತ್ಸೆಯನ್ನು ಕಲಿತರು.

ಇಲ್ಲಿ ಹೊಸ ಪ್ರಶ್ನೆಯೂ ಹುಟ್ಟಿತು. ಸರಕಾರದ ಖಜಾನೆಯಿಂದ ಬಾರದ ಹಣ ಬೇರೆ ಎಲ್ಲಿಂದಲಾದರೂ ಬರಬೇಕಲ್ಲ? ಪ್ರವೇಶದ ಹೊತ್ತಿಗೆ ಪೋಷಕರಿಂದ ಒಂದು ಮೊತ್ತವನ್ನು ಪಡೆಯುವ ಪದ್ಧತಿಗೆ ಕ್ಯಾಪಿಟೇಶನ್ ಎಂಬ ಹೆಸರು ಬಂತು. ಜನ ಅದನ್ನು ಡೊನೇಶನ್ ಎಂದರು, ಪತ್ರಿಕೆಗಳು ವಂತಿಗೆ ಎಂದವು. ದೂರದ ಮದ್ರಾಸಿನಲ್ಲಿ ಸೀಟು ಸಿಗದ ಅನೇಕರಿಗೆ ಮಣಿಪಾಲ ದಾರಿಯಾಯಿತು ಎಂಬುದು ಎಷ್ಟು ನಿಜವೋ, ಅಂಕದ ಪಕ್ಕದಲ್ಲಿ ಹಣವೂ ಒಂದು ಅರ್ಹತೆಯಾಗಿ ಕುಳಿತುಕೊಂಡಿತು ಎಂಬುದೂ ಅಷ್ಟೇ ನಿಜ. ಮಾದರಿ ರಾಜ್ಯದ ಇತರೆಡೆಗೂ ಹಬ್ಬಿದಾಗ ಎಲ್ಲ ಕಡೆ ಅದೇ ಸೇವಾ ಮನೋಭಾವ ಉಳಿಯಲಿಲ್ಲ.

ಮಾತಿಗೂ ಅಂಕ

1956ರ ರಾಜ್ಯ ಪುನರ್ವಿಂಗಡಣೆಯಿಂದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಕಾಸರಗೋಡು ಕೇರಳಕ್ಕೆ ಹೋಯಿತು. ಕರಾವಳಿಯ ವಿದ್ಯಾರ್ಥಿಗಳು ಇನ್ನು ಮೈಸೂರು ಸರಕಾರದ ಆದೇಶಗಳನ್ನು ನೋಡತೊಡಗಿದರು. 1962ರ ಜುಲೈ 31ರ ಆದೇಶದಂತೆ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68 ಮೀಸಲಾಯಿತು. ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇದನ್ನು ತಳ್ಳಿಹಾಕಿ, ಮೀಸಲಾತಿ ಸ್ಥೂಲವಾಗಿ ಶೇ. 50ಕ್ಕಿಂತ ಕಡಿಮೆ ಇರಬೇಕು ಎಂದಿತು. ಇಂದಿಗೂ ದೇಶದಲ್ಲಿ ಚರ್ಚೆಯಾಗುವ 'ಶೇ. 50ರ ಮಿತಿ'ಯ ಬೇರು ಹೀಗೆ ಮೈಸೂರಿನ ಸೀಟು ಹಂಚಿಕೆಯಲ್ಲಿದೆ.

ಉಳಿದರ್ಧ ಸೀಟುಗಳಿಗಾದರೂ ಅಂಕವೇ ಅಂತಿಮವೇ? ಅದೂ ಅಲ್ಲ. ಅಂದಿನ ಮೈಸೂರಿನಲ್ಲಿ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಕಾಲು ಭಾಗದಷ್ಟನ್ನು ಸಂದರ್ಶನಕ್ಕೆ ಇಡಲಾಗಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟಗಳನ್ನು ನೋಡಿ ಸಮಿತಿ ಅಂಕ ಕೊಡಬಹುದಿತ್ತು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಈ ಪದ್ಧತಿಯನ್ನು ಒಪ್ಪಿತು. ಕೇವಲ ಬರವಣಿಗೆಯ ಪರೀಕ್ಷೆಯಿಂದ ವಿದ್ಯಾರ್ಥಿಯ ಯೋಗ್ಯತೆ ಪೂರ್ತಿ ತಿಳಿಯದು ಎಂಬ ವಾದದಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಆದರೆ ಸಮಿತಿಯ ಮುಂದೆ ಧೈರ್ಯವಾಗಿ ಇಂಗ್ಲಿಷಿನಲ್ಲಿ ಮಾತನಾಡಬಲ್ಲ ಪಟ್ಟಣದ ಹುಡುಗನಿಗೂ, ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗನಿಗೂ ಅಲ್ಲಿ ಸಿಗುವ ಅಂಕ ಒಂದೇ ಆಗಿರಲು ಸಾಧ್ಯವೇ? ಶಿಫಾರಸಿಗೆ ಬಾಗಿಲು ತೆರೆಯುವುದೂ ಇಂಥಲ್ಲೇ.

ಈ ಪ್ರಶ್ನೆ ತಮಿಳುನಾಡಿನ 1970–71ನೇ ಸಾಲಿನ ಎಂಬಿಬಿಎಸ್ ಪ್ರವೇಶದ ನೆಪದಲ್ಲಿ ಮತ್ತೆ ಸುಪ್ರೀಂ ಕೋರ್ಟಿಗೆ ಬಂತು. ಆ ಪೆರಿಯಕರುಪ್ಪನ್ ಪ್ರಕರಣದ ತೀರ್ಪು ಬರೆದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. 1909ರಲ್ಲಿ ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ ಹುಟ್ಟಿ, ರಾಜ್ಯಸಭೆಯ ಸದಸ್ಯರಾಗಿ, ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿ, 1967ರಲ್ಲಿ ಸುಪ್ರೀಂ ಕೋರ್ಟ್ ಸೇರಿದವರು. ತಮಿಳುನಾಡಿನಲ್ಲಿ ಸಂದರ್ಶನಕ್ಕೆ 75 ಅಂಕಗಳಿದ್ದವು. ಕಾಲೇಜುಗಳನ್ನು ಬೇರೆ ಬೇರೆ ಘಟಕಗಳಾಗಿ ವಿಂಗಡಿಸಿದ್ದರಿಂದ ಒಂದು ಘಟಕದಲ್ಲಿ ಹೆಚ್ಚು ಅಂಕ ಪಡೆದವರಿಗೆ ಸೀಟು ತಪ್ಪಿ, ಇನ್ನೊಂದರಲ್ಲಿ ಕಡಿಮೆ ಅಂಕದವರಿಗೆ ಸಿಕ್ಕಿತ್ತು. ಈ ಘಟಕವಾರು ಆಯ್ಕೆ ಸಂವಿಧಾನದ ಸಮಾನತೆಗೆ ವಿರುದ್ಧ ಎಂದು ತೀರ್ಪು ಹೇಳಿತು; ಸಂದರ್ಶನದ ಅಂಕ ನೀಡಿದ ರೀತಿಯನ್ನೂ ಟೀಕಿಸಿತು.

ಸಂದರ್ಶನಕ್ಕೆ ದೊಡ್ಡ ಹೊಡೆತ ಬಿದ್ದುದು 1980ರ ನವೆಂಬರಿನಲ್ಲಿ. ಸುರತ್ಕಲ್ಲಿನ ಕೆಆರ್‌ಇಸಿಯ ಸೋದರ ಸಂಸ್ಥೆಯಾದ ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು 150 ಅಂಕಗಳಲ್ಲಿ 50ನ್ನು ಸಂದರ್ಶನಕ್ಕೆ ಇಟ್ಟಿತ್ತು. ಒಬ್ಬೊಬ್ಬರ ಸಂದರ್ಶನ ಮುಗಿದದ್ದು ಎರಡು ಮೂರು ನಿಮಿಷಗಳಲ್ಲಿ. ಅಜಯ್ ಹಾಸಿಯಾ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಾಮಾನ್ಯವಾಗಿ ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡುವುದು ನಿರಂಕುಶ ಕ್ರಮವಾಗುತ್ತದೆ ಎಂದಿತು. ಮುಖ ನೋಡಿ ಮಣೆ ಹಾಕುವುದಕ್ಕೆ ಇದರಿಂದ ಬಹುಮಟ್ಟಿಗೆ ತೆರೆ ಬಿತ್ತು. ಮುಖ ನೋಡದ, ಹೆಸರು ಕೇಳದ ಲಿಖಿತ ಅಂಕದ ಬೆಲೆ ಏರಿತು.

ವಂತಿಗೆಯ ದಿನಗಳು

ಸಂದರ್ಶನದ ತೊಡಕು ಬಿಡಿಸಿಕೊಳ್ಳುವಷ್ಟರಲ್ಲಿ ವಂತಿಗೆಯ ಹಾವಳಿ ಬೆಳೆದು ನಿಂತಿತ್ತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ರಾಜ್ಯದ ಹಲವೆಡೆ ತಲೆಯೆತ್ತಿದ್ದವು. ಉತ್ತರ ಭಾರತದ ವಿದ್ಯಾರ್ಥಿಗಳು ರೈಲು ತುಂಬಿ ಕರ್ನಾಟಕಕ್ಕೆ ಬರುತ್ತಿದ್ದರು. 1984ರಲ್ಲಿ ರಾಮಕೃಷ್ಣ ಹೆಗಡೆ ಸರಕಾರದ ಕಾಲದಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯಿದೆ ಬಂತು. ಆದರೆ ಅದರ ಅಡಿಯಲ್ಲೇ ಸರಕಾರ ಶುಲ್ಕ ನಿಗದಿ ಮಾಡಬಹುದಿತ್ತು. 1989ರ ಜೂನ್ 5ರ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000 ರೂ., ಹೊರರಾಜ್ಯದವರಿಗೆ 60,000 ರೂ. ತನಕ ಶುಲ್ಕ. ಪಾಠ ಒಂದೇ, ಬೆಂಚು ಒಂದೇ, ಬೆಲೆ ಮೂರು.

ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ತುಮಕೂರಿನ ಒಂದು ಕಾಲೇಜಿನಲ್ಲಿ ಪ್ರವೇಶ ಬಯಸಿ ಈ ಶುಲ್ಕವನ್ನು ಪ್ರಶ್ನಿಸಿದರು. 1992ರ ಜುಲೈ 30ರಂದು ಸುಪ್ರೀಂ ಕೋರ್ಟ್ ಆ ಹೆಚ್ಚುವರಿ ಶುಲ್ಕ ಎಂದರೆ ಕ್ಯಾಪಿಟೇಶನ್ ಶುಲ್ಕವೇ ಎಂದು ಹೇಳಿ ಅದನ್ನು ರದ್ದುಪಡಿಸಿತು. ಶಿಕ್ಷಣವು ಮೂಲಭೂತ ಹಕ್ಕು ಎಂದು ಸಾರಿತು. ವಿಪರ್ಯಾಸವೆಂದರೆ ತೀರ್ಪಿನ ಫಲ ಅರ್ಜಿದಾರಳಿಗೇ ಸಿಗಲಿಲ್ಲ. ಅವಳ ಪ್ರವೇಶ ಅರ್ಹತೆಯ ಆಧಾರದ ಮೇಲೆ ಆಗಿರಲಿಲ್ಲ, ತರಗತಿಗಳೂ ಹಿಂದಿನ ವರ್ಷವೇ ಶುರುವಾಗಿದ್ದವು ಎಂಬ ಕಾರಣಕ್ಕೆ ಪರಿಹಾರ ದೊರೆಯಲಿಲ್ಲ.

ಸಿಇಟಿ ಬಂತು

ಕಾಲೇಜುಗಳು ಸುಮ್ಮನಿರಲಿಲ್ಲ. ಅನುದಾನವಿಲ್ಲದೆ, ಶುಲ್ಕವೂ ಇಲ್ಲದೆ ಕಾಲೇಜು ನಡೆಸುವುದು ಹೇಗೆ ಎಂಬ ಅವರ ಪ್ರಶ್ನೆಗೆ 1993ರ ಫೆಬ್ರವರಿ 4ರ ಉಣ್ಣಿಕೃಷ್ಣನ್ ತೀರ್ಪಿನಲ್ಲಿ ಐವರು ನ್ಯಾಯಾಧೀಶರ ಪೀಠ ಮಧ್ಯದ ದಾರಿ ತೋರಿತು. ಅರ್ಧ ಸೀಟುಗಳು 'ಉಚಿತ', ಅಂದರೆ ಸರಕಾರಿ ದರದವು. ಉಳಿದರ್ಧ 'ಪಾವತಿ' ಸೀಟುಗಳು. ಎರಡೂ ಭರ್ತಿಯಾಗಬೇಕಾದದ್ದು ಅರ್ಹತೆಯ ಮೇಲೆಯೇ. ಹಣ ಕೊಡುವವನೂ ಸರದಿಯಲ್ಲೇ ನಿಲ್ಲಬೇಕು ಎಂಬುದು ಇದರ ತಾತ್ಪರ್ಯ.

ಸರದಿ ಎಂದ ಮೇಲೆ ಎಲ್ಲರನ್ನೂ ಒಂದೇ ಕೋಲಿನಿಂದ ಅಳೆಯಬೇಕಾಯಿತು. ರಾಜ್ಯದ ಪಿಯು, ಕೇಂದ್ರದ ಸಿಬಿಎಸ್‌ಇ, ಐಸಿಎಸ್‌ಇ ಮಂಡಳಿಗಳ ಅಂಕಗಳು ಒಂದಕ್ಕೊಂದು ಸಮವಲ್ಲ. ಹೀಗಾಗಿ 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಎಲ್ಲರ ಬಾಯಲ್ಲಿ ಸಿಇಟಿ, ಜಾರಿಗೆ ಬಂತು. ರ‍್ಯಾಂಕಿನ ಕ್ರಮದಲ್ಲಿ ವಿದ್ಯಾರ್ಥಿಗಳನ್ನು ಕರೆದು ಕಾಲೇಜನ್ನು ಅವರೇ ಆರಿಸಿಕೊಳ್ಳುವ ಕೌನ್ಸೆಲಿಂಗ್ ಕೂಡ ಬಂತು. ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂಬುದು ಎಲ್ಲರ ಕಣ್ಣೆದುರೇ ತಿಳಿಯುವಂತಾದುದು ಸಣ್ಣ ಬದಲಾವಣೆಯಲ್ಲ. ಯಾರ ಪರಿಚಯವೂ ಇಲ್ಲದ ಬೀಡಿ ಕಾರ್ಮಿಕರ, ಮೀನುಗಾರರ, ಹೋಟೆಲ್ ನೌಕರರ ಮಕ್ಕಳು ಶಿಫಾರಸು ಪತ್ರವಿಲ್ಲದೆ ಸೀಟು ಪಡೆಯಲು ದಾರಿಯಾಯಿತು.

ಸಿಇಟಿಯ ಒಳಗೂ ಕೆಲವು ತೂಕದ ಕಲ್ಲುಗಳನ್ನು ಇಡಲಾಯಿತು. ಒಂದರಿಂದ ಹತ್ತನೆಯ ತರಗತಿಯ ತನಕ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. 1956ರಲ್ಲಿ ಗಡಿಯಾಚೆ ಉಳಿದ ಕಾಸರಗೋಡಿನಂಥ ಕಡೆಗಳ ಗಡಿನಾಡ ಕನ್ನಡಿಗರಿಗೆ ಕನ್ನಡ ಭಾಷಾ ಪರೀಕ್ಷೆ ಬರೆದು ಅರ್ಹತೆ ಪಡೆಯುವ ಅವಕಾಶವೂ ಇದೆ.

ಎಂಜಿನಿಯರಿಂಗ್ ರ‍್ಯಾಂಕಿಗೆ ರೂಢಿಯಲ್ಲಿರುವ ಸೂತ್ರವೆಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯು ಅಂಕಕ್ಕೆ ಅರ್ಧ, ಅದೇ ವಿಷಯಗಳ ಸಿಇಟಿ ಅಂಕಕ್ಕೆ ಅರ್ಧ ತೂಕ. ಇದರ ಪರಿಣಾಮ ತಿಳಿಯಲು ಒಂದು ಲೆಕ್ಕ ನೋಡಬಹುದು. ಒಬ್ಬ ವಿದ್ಯಾರ್ಥಿನಿಗೆ ಪಿಯುವಿನಲ್ಲಿ 300ಕ್ಕೆ 294, ಸಿಇಟಿಯಲ್ಲಿ 180ಕ್ಕೆ 90 ಬಂತೆನ್ನಿ. ಅವಳ ಒಟ್ಟು 49 ಮತ್ತು 25 ಸೇರಿ 74. ಇನ್ನೊಬ್ಬನಿಗೆ ಪಿಯುವಿನಲ್ಲಿ 255, ಸಿಇಟಿಯಲ್ಲಿ 126. ಅವನ ಒಟ್ಟು 42.5 ಮತ್ತು 35 ಸೇರಿ 77.5. ಪಿಯುವಿನಲ್ಲಿ 39 ಅಂಕ ಹಿಂದಿದ್ದವನು ರ‍್ಯಾಂಕಿನಲ್ಲಿ ಮುಂದಾದ. ತೂಕ ಸಮಸಮ ಎಂದು ಕಂಡರೂ, ಪಿಯುವಿನಲ್ಲಿ ಒಳ್ಳೆಯ ವಿದ್ಯಾರ್ಥಿಗಳೆಲ್ಲ ಮೇಲ್ತುದಿಯಲ್ಲಿ ಒತ್ತೊತ್ತಾಗಿ ನಿಂತಿರುತ್ತಾರೆ. ಅವರನ್ನು ಬೇರ್ಪಡಿಸುವುದು ಸಿಇಟಿಯೇ. ಶೇ. 98 ಪಡೆದೂ ಬಯಸಿದ ಕಾಲೇಜು ಸಿಗದ ಮನೆಗಳ ಗೊಂದಲಕ್ಕೆ ಕಾರಣ ಇಲ್ಲಿದೆ.

ಮಣಿಪಾಲದ ಮೊಕದ್ದಮೆ

ಉಣ್ಣಿಕೃಷ್ಣನ್ ಸೂತ್ರವನ್ನು ಪ್ರಶ್ನಿಸಿ 1993ರಲ್ಲೇ ಟಿ.ಎಂ.ಎ. ಪೈ ಫೌಂಡೇಶನ್ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಣಿಪಾಲದ ಸಂಸ್ಥೆಗಳಿಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಬಂದುದೂ ಅದೇ ವರ್ಷ. ಒಂಬತ್ತು ವರ್ಷಗಳ ಬಳಿಕ, 2002ರ ಅಕ್ಟೋಬರ್ 31ರಂದು, 11 ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಅನುದಾನ ಪಡೆಯದ ಖಾಸಗಿ ಕಾಲೇಜುಗಳಿಗೆ ಪ್ರವೇಶ ಮತ್ತು ಶುಲ್ಕದಲ್ಲಿ ಸ್ವಾತಂತ್ರ್ಯವಿದೆ, ಆದರೆ ಆಯ್ಕೆ ಪಾರದರ್ಶಕವಾಗಿ ಅರ್ಹತೆಯ ಮೇಲೆ ನಡೆಯಬೇಕು, ಕ್ಯಾಪಿಟೇಶನ್ ಕೂಡದು ಎಂಬುದು ಅದರ ಸಾರಾಂಶ.

ಆ ತೀರ್ಪಿನ ಒಂದು ಮಾತು ಈಗಲೂ ಗಮನಾರ್ಹ. ಒಳ್ಳೆಯ ಶಾಲೆಗಳಲ್ಲಿ ಓದಿದ ಅನುಕೂಲಸ್ಥರ ಮಕ್ಕಳೇ ಹೆಚ್ಚು ಅಂಕ ಗಳಿಸಿ ಉಚಿತ ಸೀಟು ಪಡೆಯುತ್ತಿದ್ದಾರೆ, ಅಷ್ಟು ಅನುಕೂಲವಿಲ್ಲದವರು ಪಾವತಿ ಸೀಟಿಗೆ ಹಣ ತೆತ್ತು ಅವರ ಭಾರವನ್ನೂ ಹೊರುತ್ತಿದ್ದಾರೆ ಎಂದು ನ್ಯಾಯಾಲಯವೇ ಗುರುತಿಸಿತು. ಹಣದ ಪ್ರಭಾವ ತಡೆಯಲೆಂದು ಅಂಕವನ್ನು ಮುಂದಿಟ್ಟರೆ, ಹಣ ಇನ್ನೊಂದು ದಾರಿಯಿಂದ ಅಂಕದೊಳಗೇ ಬಂದು ಸೇರಿತ್ತು.

ಮುಂದೆ 2003ರ ಇಸ್ಲಾಮಿಕ್ ಅಕಾಡೆಮಿ, 2005ರ ಇನಾಂದಾರ್ ತೀರ್ಪುಗಳು ಬಂದವು. ಒಪ್ಪಿಗೆಯಿಲ್ಲದೆ ಖಾಸಗಿ ಕಾಲೇಜಿನಿಂದ ಸರಕಾರಿ ಕೋಟಾ ಕೇಳುವಂತಿಲ್ಲ ಎಂದಾಯಿತು. ಕಾಲೇಜುಗಳ ಒಕ್ಕೂಟದ ಕಾಮೆಡ್-ಕೆ ಪರೀಕ್ಷೆ 2004ರಲ್ಲಿ ಸಿಇಟಿಯ ಪಕ್ಕದಲ್ಲೇ ನಿಂತಿತು. ಪ್ರತಿವರ್ಷ ಸರಕಾರವೂ ಕಾಲೇಜುಗಳೂ ಕೂತು ಮಾತಾಡಿ ಸೀಟು ಮತ್ತು ಶುಲ್ಕದ ಒಪ್ಪಂದಕ್ಕೆ ಬರುವುದು ವಾಡಿಕೆಯಾಯಿತು.

ದೇಶಕ್ಕೆಲ್ಲ ಒಂದು ಪರೀಕ್ಷೆ

ಒಬ್ಬ ವಿದ್ಯಾರ್ಥಿ ಹತ್ತಾರು ಪರೀಕ್ಷೆ ಬರೆಯುವ ಗೋಳು ತಪ್ಪಿಸಲು, ಖಾಸಗಿ ಕಾಲೇಜುಗಳ ಸ್ವಂತ ಪರೀಕ್ಷೆಗಳಿಗೆ ಕಡಿವಾಣ ಹಾಕಲು 2013ರ ಮೇ ತಿಂಗಳಲ್ಲಿ ನೀಟ್ ಮೊದಲ ಬಾರಿಗೆ ನಡೆಯಿತು. ಅದೇ ಜುಲೈ 18ರಂದು ಸುಪ್ರೀಂ ಕೋರ್ಟ್ ಎರಡು–ಒಂದರ ಬಹುಮತದಿಂದ ಅದನ್ನು ರದ್ದುಪಡಿಸಿತು. 2016ರ ಏಪ್ರಿಲ್ 11ರಂದು ಅದೇ ನ್ಯಾಯಾಲಯ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಸುಗ್ರೀವಾಜ್ಞೆಯ ಬಲದಿಂದ ಆ ವರ್ಷ ರಾಜ್ಯಗಳಿಗೆ ರಿಯಾಯಿತಿ ಸಿಕ್ಕಿದರೂ 2017ರಿಂದ ಕರ್ನಾಟಕದ ವೈದ್ಯಕೀಯ ಸೀಟುಗಳು ಸಿಇಟಿಯಿಂದ ಹೊರಗೆ ಹೋದವು. ಅದೇ ವರ್ಷ ಕನ್ನಡದಲ್ಲೂ ನೀಟ್ ಬರೆಯಲು ಅವಕಾಶವಾಯಿತು.

ನೀಟ್‌ನಲ್ಲಿ ಪಿಯು ಅಂಕಕ್ಕೆ ರ‍್ಯಾಂಕಿನ ಮಟ್ಟಿಗೆ ಬೆಲೆಯಿಲ್ಲ. ಕನಿಷ್ಠ ಅರ್ಹತೆ ಇದ್ದರೆ ಸಾಕು. 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4, ತಪ್ಪಿಗೆ 1 ಕಡಿತ. ಎರಡು ವರ್ಷದ ಓದು ಒಂದು ಮಧ್ಯಾಹ್ನದ ಕೆಲವು ಗಂಟೆಗಳಲ್ಲಿ ತೀರ್ಮಾನವಾಗುತ್ತದೆ. 2024ರಲ್ಲಿ ಸುಮಾರು 23 ಲಕ್ಷ ಮಂದಿ ಪರೀಕ್ಷೆ ಬರೆದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಆ ವರ್ಷ ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪ, ಮೊದಲು 67 ಮಂದಿಗೆ ಪೂರ್ಣಾಂಕ ಬಂದು ಪರಿಷ್ಕರಣೆಯ ಬಳಿಕ 17ಕ್ಕೆ ಇಳಿದದ್ದು ಎಲ್ಲರಿಗೂ ನೆನಪಿದೆ. ಮರುಪರೀಕ್ಷೆಯ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ಜುಲೈ 23ರಂದು ತಳ್ಳಿಹಾಕಿತು. ಅದೇ ವರ್ಷ ಸಿಇಟಿಯಲ್ಲೂ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಕೋಲು ಒಂದೇ ಆದರೆ ಅದು ಡೊಂಕಾದ ದಿನ ಎಲ್ಲರ ಅಳತೆಯೂ ತಪ್ಪುತ್ತದೆ.

ಅಂಕಕ್ಕೂ ಅಂಕಕ್ಕೂ ಅಂತರ

ತರಗತಿಯ ಅಂಕ ಹೆಚ್ಚೋ, ಪ್ರವೇಶ ಪರೀಕ್ಷೆಯ ಅಂಕ ಹೆಚ್ಚೋ ಎಂಬ ಪ್ರಶ್ನೆಗೆ ಎಲ್ಲಿಯೂ ಒಂದೇ ಉತ್ತರವಿಲ್ಲ. ಕೇಂದ್ರದ ಎನ್‌ಐಟಿಗಳು 2013ರಿಂದ ಕೆಲವು ವರ್ಷ ಹನ್ನೆರಡನೆಯ ತರಗತಿಯ ಅಂಕಕ್ಕೆ ಶೇ. 40 ತೂಕ ಕೊಟ್ಟು, 2017ರಲ್ಲಿ ಕೈಬಿಟ್ಟವು. ಬರೀ ತರಗತಿಯ ಅಂಕವನ್ನೇ ನೆಚ್ಚಿದ್ದ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ 2021ರಲ್ಲಿ ಪ್ರವೇಶಕ್ಕೆ ಶೇ. 100 ಅಂಕವೇ ಬೇಕಾಯಿತು. ಮರುವರ್ಷ ಅಲ್ಲೂ ಪ್ರವೇಶ ಪರೀಕ್ಷೆ ಬಂತು. ಅಮೆರಿಕದಲ್ಲಿ 1926ರಿಂದ ನಡೆದು ಬಂದ ಎಸ್‌ಎಟಿ ಪರೀಕ್ಷೆಯನ್ನು ಕೊರೋನಾ ಕಾಲದಲ್ಲಿ ಹೆಸರಾಂತ ವಿಶ್ವವಿದ್ಯಾಲಯಗಳು ಐಚ್ಛಿಕ ಮಾಡಿದವು. ಆದರೆ ಎಂಐಟಿ 2022ರಲ್ಲಿ, ಹಾರ್ವರ್ಡ್ 2024ರಲ್ಲಿ ಮತ್ತೆ ಕಡ್ಡಾಯದ ನಿರ್ಧಾರಕ್ಕೆ ಬಂದವು.

ಕರ್ನಾಟಕದಲ್ಲಿ ಇದೇ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ್ದು 2022ರಲ್ಲಿ. ಕೊರೋನಾದಿಂದ 2021ರ ಪಿಯು ಪರೀಕ್ಷೆ ನಡೆಯದೆ ಎಲ್ಲರೂ ಉತ್ತೀರ್ಣರಾಗಿದ್ದರು. ಆ ವರ್ಷ ಸಿಇಟಿ ಅಂಕವೊಂದನ್ನೇ ಪರಿಗಣಿಸಲಾಯಿತು. ಮರುವರ್ಷ ಮತ್ತೆ ಸಿಇಟಿ ಬರೆದ ಸುಮಾರು 24 ಸಾವಿರ ಪುನರಾವರ್ತಿತ ಅಭ್ಯರ್ಥಿಗಳಿಗೆ ಪಿಯು ಅಂಕ ಸೇರಿಸದಿದ್ದಾಗ ಅವರ ರ‍್ಯಾಂಕ್ ಕುಸಿಯಿತು. ಪರೀಕ್ಷೆ ಬರೆಯದೆ ಬಂದ ಅಂಕ ಅಂಕವೇ ಎಂದು ಒಂದು ಕಡೆ, ಪರೀಕ್ಷೆ ನಡೆಯದಿದ್ದುದು ಮಕ್ಕಳ ತಪ್ಪೇ ಎಂದು ಇನ್ನೊಂದು ಕಡೆ. ಕೊನೆಗೆ ಅವರ ಪಿಯು ಅಂಕದಲ್ಲಿ ಸ್ವಲ್ಪ ಕಡಿತ ಮಾಡಿ ಉಳಿದುದನ್ನು ಪರಿಗಣಿಸುವ ಸೂತ್ರಕ್ಕೆ ಹೈಕೋರ್ಟ್ ಒಪ್ಪಿತು. ಅಂಕವೆಂಬುದು ಶಿಲಾಶಾಸನವಲ್ಲ, ಕೂತು ಮಾತಾಡಿ ತೀರ್ಮಾನಿಸಿದ ಒಂದು ಒಪ್ಪಂದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸರದಿಯ ಆಚೆ

ಪೆರಿಯಕರುಪ್ಪನ್ ತೀರ್ಪು ಬರೆದ ಕೆ.ಎಸ್. ಹೆಗ್ಡೆಯವರು 1973ರಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿ ಮುಖ್ಯ ನ್ಯಾಯಮೂರ್ತಿಯ ನೇಮಕವಾದಾಗ ರಾಜೀನಾಮೆ ಕೊಟ್ಟರು. 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್ ಸ್ಥಾಪಿಸಿದರು. 1986ರಲ್ಲಿ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಸೀಟುಗಳನ್ನು ನ್ಯಾಯವಾಗಿ ಹಂಚುವುದು ಹೇಗೆಂದು ತೀರ್ಪು ಬರೆದವರು ಕೊನೆಗೆ ಸೀಟುಗಳನ್ನು ಹೆಚ್ಚಿಸುವ ಕೆಲಸಕ್ಕೆ ಇಳಿದರು. 2010ರಲ್ಲಿ ಈಗಿನ ಕಾಪು ತಾಲ್ಲೂಕಿನ ಬಂಟಕಲ್ಲಿನಲ್ಲೂ ಎಂಜಿನಿಯರಿಂಗ್ ಕಾಲೇಜು ಬಂತು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬಂದು ಎಂಜಿನಿಯರ್ ಆಗುವುದು ಇಂದು ಕಾಪು, ಕಾರ್ಕಳದ ಮಕ್ಕಳಿಗೆ ಸಾಧ್ಯವಾಗಿದೆ. 1950ರಲ್ಲಿ ಅದು ಕನಸಿನ ಮಾತಾಗಿತ್ತು.

ಸೀಟು ಹೆಚ್ಚಾದಲ್ಲಿ ಅಂಕದ ಬಿಗಿ ಸಡಿಲವಾಗುತ್ತದೆ ಎಂಬುದಕ್ಕೆ ಎಂಜಿನಿಯರಿಂಗೇ ಸಾಕ್ಷಿ. ಅಲ್ಲಿ ಈಗ ಪೈಪೋಟಿ ಇರುವುದು ಬಯಸಿದ ಕಾಲೇಜಿಗೆ, ಬಯಸಿದ ವಿಭಾಗಕ್ಕೆ. ವೈದ್ಯಕೀಯದಲ್ಲಿ ಹಾಗಿಲ್ಲ. ಏಳು ದಶಕಗಳಿಂದ ವೈದ್ಯರನ್ನು ತಯಾರಿಸುತ್ತ ಬಂದ ಈ ಸೀಮೆಯಲ್ಲಿ, ಉಡುಪಿ ಜಿಲ್ಲೆಗೆ ತನ್ನದೇ ಸರಕಾರಿ ವೈದ್ಯಕೀಯ ಕಾಲೇಜು 2025ರ ತನಕವೂ ಬಂದಿರಲಿಲ್ಲ. ಸರಕಾರಿ ದರದ ಸೀಟು ತಪ್ಪಿದವರ ಮುಂದೆ ಉಳಿಯುವುದು ಖಾಸಗಿ ಅಥವಾ ಡೀಮ್ಡ್ ಕಾಲೇಜು. ಅಲ್ಲಿ ಅರ್ಹತೆಯನ್ನು ಅಳೆಯುವುದು ಅದೇ ನೀಟ್. ಆದರೆ ಶುಲ್ಕ ಕೇಳಿದಾಗ ಅಂಕ ಸಾಕಷ್ಟಿದ್ದ ಎಷ್ಟೋ ಮನೆಗಳು ಸರದಿಯಿಂದ ಹಿಂದೆ ಸರಿಯುತ್ತವೆ. ಅವರ ಜಾಗಕ್ಕೆ ಬರುವವರು ಕಡಿಮೆ ಅಂಕದವರು, ಹೆಚ್ಚು ಹಣವುಳ್ಳವರು. ವಂತಿಗೆ ಕಾಯಿದೆಯಿಂದ ನಿಷಿದ್ಧವಾಗಿದೆ. ಹಣದ ಮಾತು ಮುಗಿದಿಲ್ಲ.

ಅಂಕ ಗಳಿಸುವ ಮೊದಲೂ ಹಣದ ಮಾತಿದೆ. ತರಗತಿಯ ಜೊತೆಗೇ ನೀಟ್, ಜೆಇಇ ತರಬೇತಿ ಕೊಡುವ ಪಿಯು ಕಾಲೇಜುಗಳು, ಹಾಸ್ಟೆಲ್ಲುಗಳು ಕರಾವಳಿಯಲ್ಲಿ ಬೆಳೆದಿವೆ. ಹೊರಜಿಲ್ಲೆಗಳಿಂದಲೂ ಮಕ್ಕಳು ಬರುತ್ತಾರೆ. ಅವುಗಳ ಫಲಿತಾಂಶ ಹೆಮ್ಮೆಯ ವಿಷಯವೇ. ಆದರೆ ಆ ಶುಲ್ಕ ಕಟ್ಟಲಾಗದೆ ಊರಿನ ಸರಕಾರಿ ಪಿಯು ಕಾಲೇಜಿನಲ್ಲಿ ಓದಿ ಶೇ. 90 ತಂದ ವಿದ್ಯಾರ್ಥಿನಿಯ ನೀಟ್ ಅಂಕವನ್ನೂ, ಎರಡು ವರ್ಷ ತರಬೇತಿ ಪಡೆದವರ ಅಂಕವನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಇಟ್ಟು ಇದುವೇ ಪ್ರತಿಭೆ ಎನ್ನುವಾಗ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತನ್ನು ನೆನೆಯಬೇಕಾಗುತ್ತದೆ.

ಹಾಗೆಂದು ಅಂಕವನ್ನು ಬದಿಗಿಟ್ಟರೆ ಏನಾಗುತ್ತದೆ ಎಂಬುದನ್ನೂ ಈ ಚರಿತ್ರೆಯೇ ಹೇಳಿದೆ. ಎರಡು ನಿಮಿಷದ ಸಂದರ್ಶನ, ಮೂರು ಬೆಲೆಯ ಸೀಟು, ವಿವೇಚನಾ ಕೋಟಾ ಎಲ್ಲವೂ ಒಮ್ಮೆ ಇದ್ದವು. ಬಲವಿಲ್ಲದವರಿಗೆ ಅವುಗಳಿಂದ ಒಳಿತಾದದ್ದು ಕಡಿಮೆ. ಮುಖವಿಲ್ಲದ ಅಂಕವೇ ಅವರ ಪಾಲಿಗೆ ಹೆಚ್ಚು ನಂಬಿಕಸ್ಥ ಗೆಳೆಯ. ಅದರಿಂದ ಆಗುವ ಕೆಲಸವೆಂದರೆ ಯಾರು ಮೊದಲು, ಯಾರು ಆಮೇಲೆ ಎಂದು ಹೇಳುವುದು. ಬಾಗಿಲುಗಳು ಎಷ್ಟಿರಬೇಕು, ಒಳಗೆ ಹೋಗಲು ಎಷ್ಟು ತೆರಬೇಕು, ಸರದಿಗೆ ಬರುವ ಮುನ್ನ ಎಂಥ ಶಾಲೆ ಸಿಕ್ಕಿರಬೇಕು ಎಂಬುದು ಯಾವ ಪರೀಕ್ಷಾ ಪ್ರಾಧಿಕಾರದ ಕೈಯಲ್ಲೂ ಇಲ್ಲ. ಅದನ್ನು ತೀರ್ಮಾನಿಸಬೇಕಾದವರು ಸರಕಾರಗಳು, ಸಂಸ್ಥೆಗಳು ಮತ್ತು ಅವನ್ನು ಆಗಾಗ ಪ್ರಶ್ನಿಸುವ ಜನ. ಜಿಲ್ಲೆಗೆ ಮೊದಲ ಸ್ಥಾನ ಬಂದ ವರ್ಷವೂ ಈ ಪ್ರಶ್ನೆ ಕೇಳುವುದನ್ನು ಬಿಡುವಂತಿಲ್ಲ.